ಬರೆದದ್ದನ್ನು ಬರೆದ ಹಾಗೆ

1926, ಜನವರಿ 5, ಮಂಗಳವಾರ

ಕಾಗದ ಬಂತು. ಮೂವತ್ತೊಂದು ವರ್ಷ ಕಾದ ಕಾಗದ ಹಾಲಿನ ಬಾಟಲಿಯ ಪಕ್ಕ ಹಿಮದ ಮೇಲೆ ಬಿದ್ದಿತ್ತು. ಅಂಚೆಯವನಿಗೆ ನಮ್ಮ ಪೆಟ್ಟಿಗೆಯ ಮುಚ್ಚಳ ತೆಗೆಯುವಷ್ಟೂ ಪುರಸೊತ್ತಿಲ್ಲ. ನಗರದ ವಾದ್ಯವೃಂದದ ನಿರ್ದೇಶಕ ಲಿಂಡ್‌ಹೋಲ್ಟ್ ಬರೆದಿದ್ದಾರೆ: "ಮಾನ್ಯ ಶ್ರೀ ಎ. ವೆದರಲ್ ಅವರಿಗೆ, ನಿಮ್ಮ ಸಿಂಫನಿ ನನ್ನ ಗಮನ ಸೆಳೆದಿದೆ. ಫೆಬ್ರವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ನಮ್ಮ ವಾದಕರು ಅದನ್ನು ಒಂದು ಸಲ ನುಡಿಸಿ ನೋಡುತ್ತಾರೆ. ಹಿಡಿಸಿದರೆ ಏಪ್ರಿಲ್ ತಿಂಗಳ ಕಚೇರಿಗೆ ಸೇರಿಸುತ್ತೇವೆ. ಮೂಲಪ್ರತಿಯನ್ನು ಬೇರೆ ಅಂಚೆಯಲ್ಲಿ ವಾಪಸು ಕಳಿಸಿದ್ದೇನೆ; ಅದೂ ವಾದಕರ ಹಾಳೆಗಳೆಲ್ಲವೂ ಫೆಬ್ರವರಿ ಇಪ್ಪತ್ತರೊಳಗೆ ನಮ್ಮ ಕೈಸೇರಬೇಕು."

ಶ್ರೀಯಂತೆ! ಅಗಸ್ಟಾ ಎಂದು ಪೂರ್ತಿ ಹೆಸರು ಬರೆದು ಕಳಿಸಿದ್ದು ನಾಲ್ಕು ಸಲ, ನಾಲ್ಕು ಸಲವೂ ಕಟ್ಟಿದ ದಾರ ಕಟ್ಟಿದ ಹಾಗೇ ವಾಪಸು ಬಂದಿತ್ತು. ಈ ಸಲ ಬರೀ ಮೊದಲ ಅಕ್ಷರ ಹಾಕಿದ್ದೆ. ಕೋಟು ತೊಟ್ಟವನೊಬ್ಬ ಬರುತ್ತಾನೆ ಎಂದು ಕಾಯುತ್ತಿರಲಿ ಪಾಪ.

ಮಹಡಿಗೆ ಓಡಿ ಲೊರೆನಾಗೆ ತೋರಿಸಿದೆ. ಅಕ್ಕ ಎರಡು ಸಲ ಓದಿದಳು, ಮಡಚಿದಳು, ನನ್ನ ಕೆನ್ನೆ ಸವರಿದಳು. ಆಮೇಲೆ ಕೇಳಿದ್ದು ಒಂದೇ ಮಾತು, ಒಟ್ಟು ಎಷ್ಟು ಪುಟ ಆಗಬಹುದು ಎಂದು. ಹಲವರು ಒಂದೇ ಸಾಲು ನುಡಿಸುವ ಪಿಟೀಲಿನಂಥವಕ್ಕೆ ಒಂದೊಂದು ಪ್ರತಿ ಕೊಟ್ಟರೆ ಉಳಿದದ್ದನ್ನು ಅವರೇ ತೆಗೆಸಿಕೊಳ್ಳುತ್ತಾರೆ. ಹಾಗೆ ಲೆಕ್ಕ ಹಾಕಿದರೂ ನಾನೂರು ಪುಟ.

ನನಗೆ ಐವತ್ತಾರು. ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ. ಚರ್ಚಿನ ಹಾಡು, ಮಕ್ಕಳ ಪಿಯಾನೋ ಪಾಠ, ಇಷ್ಟನ್ನೇ ಅಚ್ಚು ಹಾಕಿಸಿ ಸತ್ತಳು ಎಂದು ಬರೆಯುತ್ತಾರೆ. ಬರೆದರೆ.

ಜನವರಿ 9, ಶನಿವಾರ

ಕೆಲಸ ಶುರುವಾಯಿತು. ಎಲ್ಲ ವಾದ್ಯಗಳೂ ಒಂದರ ಕೆಳಗೊಂದು ಇರುವ ಮೂಲಪ್ರತಿ ನನ್ನದು. ಅದರಿಂದ ಒಬ್ಬೊಬ್ಬ ವಾದಕನ ಸಾಲನ್ನು ಹೆಕ್ಕಿ ಬೇರೆ ಹಾಳೆಗೆ ಇಳಿಸುವುದು ಲೊರೆನಾಳ ಕೆಲಸ. ನಾನು ಬರೆಯಲು ತೊಡಗಿದ ದಿನದಿಂದ ಅವಳದೇ. ಇಳಿಸುವುದೂ ಅವಳೇ, ತಾಳೆ ನೋಡುವುದೂ ಅವಳೇ. ನನ್ನ ಬರಹ ಕೋಳಿ ಕೆದರಿದ ಹಾಗೆ, ಅವಳದು ಸುಲಿದ ಬಟಾಣಿಯ ಸಾಲು.

ಡಾಕ್ಟರ್ ಟ್ರಾಸ್ಕ್ ಬಂದಿದ್ದರು. ಅಕ್ಕನ ಹೃದಯ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆಯಂತೆ, ಮೆಟ್ಟಿಲು ಹತ್ತಬಾರದು, ದಣಿಯಬಾರದು. ಹಾಸಿಗೆಯಲ್ಲಿ ಕೂತು ಬರೆದರೆ ಯಾರೂ ದಣಿಯುವುದಿಲ್ಲ ಎಂದೆ. ಅವರು ನನ್ನನ್ನೇ ನೋಡುತ್ತಾ ಟೋಪಿ ಹಾಕಿಕೊಂಡರು. ರೊಟ್ಟಿ ನಾದುವ ಹಲಗೆಯನ್ನು ಅವಳ ತೊಡೆಯ ಮೇಲಿಟ್ಟರೆ ಒಳ್ಳೆ ಮೇಜಾಗುತ್ತದೆ. ಬೆನ್ನಿಗೆ ಮೂರು ದಿಂಬು.

ಪ್ರತಿ ಶನಿವಾರ ತಪ್ಪದೆ ಬೇಯಿಸುವ ಹುರುಳಿಕಾಯಿ ಬೀಜ ಇವತ್ತು ಬೇಯಿಸಲಿಲ್ಲ. ಯಾರಿಗಿದೆ ಪುರಸೊತ್ತು.

ಜನವರಿ 14, ಗುರುವಾರ

ನಾನು ಸಂಗೀತ ಕಲಿಸುವ ಕಾಲೇಜಿನಲ್ಲಿ ಪರೀಕ್ಷೆಯ ಕಟ್ಟು ತಿದ್ದಿದೆ. ಯೂನಿಸ್ ಹಾಲಡೇ ಎಂಬ ಹುಡುಗಿ ಜಾಣೆ ಎಂದುಕೊಂಡಿದ್ದೆ, ದಡ್ಡಿ. ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯ ಬರೆದ ಸ್ವರಕ್ಕಿಂತ ಐದು ಮೆಟ್ಟಿಲು ಕೆಳಗೆ ನುಡಿಯುತ್ತದೆ, ಆದ್ದರಿಂದ ಅದರ ಸಾಲನ್ನು ಅಷ್ಟೇ ಏರಿಸಿ ಬರೆಯಬೇಕು. ವರ್ಷಕ್ಕೆ ನಲವತ್ತು ಸಲ ಬಾಯಿ ನೋಯುವಷ್ಟು ಹೇಳುತ್ತೇನೆ. ಈ ಮಹಾತಾಯಿ ಕಿವಿಗೆ ಕೇಳಿದ ಹಾಗೇ ಬರೆದಿದ್ದಾಳೆ! ಸೊನ್ನೆ ಕೊಟ್ಟು, ತರಗತಿಯ ಎದುರಿಗೆ ಅದನ್ನು ಪಿಯಾನೋದಲ್ಲಿ ನುಡಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅವಳು ಅತ್ತಳು. ಅಳಲಿ, ನೆನಪಿರುತ್ತದೆ.

ಊಟದ ತಟ್ಟೆ ಮೇಲೆ ಒಯ್ದಾಗ ಲೊರೆನಾಗೆ ಹೇಳಿ ನಕ್ಕೆ. ಅವಳೂ ನಕ್ಕು, ನೀನೂ ಒಂದು ಕಾಲಕ್ಕೆ ಹಾಗೆ ಬರೆದವಳೇ ಎಂದಳು. ನಾನು? ಎಂದೂ ಇಲ್ಲ ಎಂದೆ. ಅವಳು ಮಾತು ಬದಲಿಸಿ ಸೂಪಿಗೆ ಉಪ್ಪು ಸಾಲದು ಎಂದಳು.

ಜನವರಿ 22, ಶುಕ್ರವಾರ

ಇಂದು ಬರೀ ಎಂಟು ಪುಟ. ಹೀಗಾದರೆ ಹೇಗೆ?

ಮೂರನೇ ಭಾಗಕ್ಕೆ ಬಂದಿದ್ದಾಳೆ. ಇಡೀ ಸಿಂಫನಿಯ ಜೀವ ಅದು. ಬೇರೆ ಯಾರೂ ನುಡಿಸದೆ ನಾಲ್ಕು ಹಾರ್ನ್‌ಗಳು ಮಾತ್ರ ಮೆಲ್ಲನೆ ಎತ್ತಿಕೊಳ್ಳುತ್ತವೆ. ಅಪ್ಪನನ್ನು ಮಣ್ಣು ಮಾಡಿ ಬಂದ ವಾರ ಪಿಯಾನೋದ ಮುಂದೆ ಕೂತು ಒಂದೇ ಉಸಿರಿಗೆ ಬರೆದದ್ದು. ಕಾಲೇಜಿಗೆ ಹೊರಟು ಕೈಗವಸು ಹಾಕಿಕೊಳ್ಳುತ್ತಿದ್ದಾಗ ಲೊರೆನಾ ಕರೆದಳು.

"ಗಸ್ಸೀ, ಈ ಪುಟದಲ್ಲಿ ಹಾರ್ನ್ ಸಾಲು ಒಂಚೂರು ನೋಡ್ತೀಯಾ? ನಂಗ್ಯಾಕೋ..."

ನನಗೆ ರೇಗಿಹೋಯಿತು. ಟ್ರಾಮಿಗೆ ಹೊತ್ತಾಗಿತ್ತು, ಕೆಲಸ ಹಿಂದೆ ಬಿದ್ದಿತ್ತು, ಇವಳದು ಪ್ರಶ್ನೆ.

"ಬರೆದಿರೋದನ್ನ ಬರೆದ ಹಾಗೆ ಇಳಿಸು, ಲೊರೆನಾ. ಸಂಗೀತ ಕಟ್ಟೋಳು ನಾನು. ನಿನ್ನ ಕೆಲಸ ಇಳಿಸೋದು."

"ಸರಿ," ಎಂದಳು. ಅಷ್ಟೆ. ಅದೇ ಅವಳ ಒಳ್ಳೆಯ ಗುಣ, ವಾದ ಬೆಳೆಸುವುದಿಲ್ಲ.

ಜನವರಿ 23

ಹನ್ನೊಂದು ಪುಟ. ನಿನ್ನೆ ಗದರಿದ್ದು ಒಳ್ಳೆಯದೇ ಆಯಿತು.

ಜನವರಿ 30, ಶನಿವಾರ

ಪಕ್ಕದ ಮನೆಯ ಐರಿಷ್ ಹೆಂಗಸು ಮಿಸೆಸ್ ಕವನಾ ಹಗಲು ಹೊತ್ತು ಬಂದು ಅಕ್ಕನನ್ನು ನೋಡಿಕೊಳ್ಳುತ್ತಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಇಂದು ನಾನು ಬಾಗಿಲು ತೆರೆಯುವುದನ್ನೇ ಕಾದಿದ್ದವಳಂತೆ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಟೀಚರಮ್ಮ, ಕೋಪ ಮಾಡ್ಕೋಬೇಡಿ. ನಿಮ್ಮಕ್ಕನ ಉಗುರು ನೋಡಿದ್ರಾ? ನೀಲಿ ಶಾಯಿ ಅಂದ್ಕೊಂಡು ಸೋಪು ಹಾಕಿ ತಿಕ್ಕಿದೆ ನಾನು. ಹೋಗ್ಲಿಲ್ಲ. ಅದು ಶಾಯಿ ಅಲ್ಲ ಕಣಮ್ಮ."

ನಮ್ಮ ಮನೆಯಲ್ಲಿ ಇರುವುದು ಕಪ್ಪು ಶಾಯಿ ಮಾತ್ರ, ನೀಲಿ ಎಲ್ಲಿಂದ ಬರಬೇಕು ಎಂದೆ. ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಳು. ಆ ಹಲಗೆ ತೆಗೆದು ಒಲೆಗೆ ಹಾಕುತ್ತೇನೆ ಎಂದಳು. ಅದು ರೊಟ್ಟಿಯ ಹಲಗೆ, ನಮ್ಮಮ್ಮನದು ಎಂದೆ. ನಿಮ್ಮಮ್ಮ ಇದ್ದಿದ್ದರೆ ಅದೇ ಹಲಗೆಯಲ್ಲಿ ನಿಮಗೆ ಬಾರಿಸುತ್ತಿದ್ದರು ಎಂದು ಹೇಳಿ ಶಾಲು ಹೊದ್ದು ಹೊರಟುಹೋದಳು. ಸೋಮವಾರ ಬರುತ್ತಾಳೋ ಇಲ್ಲವೋ.

ಲೊರೆನಾಳನ್ನೇ ಕೇಳಿದೆ, ಬರೆಯುವುದು ಕಷ್ಟವಾದರೆ ನಿಲ್ಲಿಸೋಣವೇ ಎಂದು. ಬೇಡ ಎಂದಳು. ಕಿಟಕಿಯಾಚೆ ನೋಡುತ್ತಾ ಮಲಗಿರುವುದಕ್ಕಿಂತ ಇದೇ ವಾಸಿಯಂತೆ. ಕೇಳಿದ್ದೇನೆ, ಅವಳೇ ಬೇಡ ಎಂದಳು. ಇದನ್ನು ಇಲ್ಲಿ ಬರೆದಿಟ್ಟಿರುತ್ತೇನೆ.

ಉಗುರು ನೋಡಿದೆ. ಕೋಣೆಯಲ್ಲಿ ಚಳಿ ಹೆಚ್ಚು. ಇನ್ನೊಂದು ಕಂಬಳಿ ಹೊದಿಸಿದೆ.

ಫೆಬ್ರವರಿ 6, ಶನಿವಾರ

ಕಾಲು ಊದಿದೆ, ಒತ್ತಿದರೆ ಬೆರಳಿನ ಗುಂಡಿ ಹಾಗೇ ನಿಲ್ಲುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಾಳೆ. ಡಾಕ್ಟರ್ ಟ್ರಾಸ್ಕ್ ತೊಟ್ಟು ಲೆಕ್ಕದಲ್ಲಿ ಕುಡಿಸುವ ಔಷಧ ಹೆಚ್ಚಿಸಿದರು.

ಬೇರೆ ಯಾರನ್ನಾದರೂ ಗೊತ್ತು ಮಾಡೋಣವೆಂದು ಸಂಗೀತದ ಹಾಳೆ ಇಳಿಸಿಕೊಡುವ ನಗರದ ಅಂಗಡಿಗೆ ಬರೆದಿದ್ದೆ. ತಿಂಗಳು ಬೇಕಂತೆ. ಕಾಲೇಜಿನ ಹುಡುಗಿಯರ ಕೈಗೆ ಕೊಡುವುದು ಸಾಧ್ಯವೇ ಇಲ್ಲ, ಯೂನಿಸಳಂಥವರು ನನ್ನ ಹೆಸರು ಕೆಡಿಸುತ್ತಾರೆ. ನಾನೇ ಕೂತು ಇಳಿಸಬಹುದಿತ್ತು. ಆದರೆ ದಿನಕ್ಕೆ ಆರು ತರಗತಿ ಮುಗಿಸಿ ಬಂದವಳಿಗೆ ಪೆನ್ನು ಹಿಡಿದರೆ ಸಾಲುಗಳು ಹಾವಿನಂತೆ ಹರಿದಾಡುತ್ತವೆ.

ಇನ್ನು ಅರವತ್ತು ಪುಟ. ಏಳು, ಆರು, ಏಳು. ಹೀಗೆ ಸಾಗುತ್ತಿದೆ.

ಫೆಬ್ರವರಿ 11

ನಾಲ್ಕು ಪುಟ. ಅವಳ ಬಟಾಣಿ ಇನ್ನೂ ದುಂಡಗೇ ಇದೆ, ಆಶ್ಚರ್ಯ.

ಫೆಬ್ರವರಿ 17, ಬುಧವಾರ

ಮುಗಿಯಿತು! ಮಧ್ಯಾಹ್ನ ಮೂರಕ್ಕೆ ಕೊನೆಯ ಪುಟದ ಶಾಯಿ ಒಣಗಿತು. ನಾನು ಕುಣಿಯುವುದೊಂದು ಬಾಕಿ. ಲೊರೆನಾ ಪೆನ್ನನ್ನು ಹಲಗೆಯ ಮೇಲಿಟ್ಟು ಕಣ್ಣು ಮುಚ್ಚಿದವಳು ಕತ್ತಲಾಗುವ ತನಕ ತೆರೆಯಲಿಲ್ಲ. ಎಚ್ಚರವಾದಾಗ ಹಾಲಿನಲ್ಲಿ ನೆನೆಸಿದ ಟೋಸ್ಟ್ ತಿನ್ನಿಸಿದೆ.

"ಕಟ್ಟೋಕ್ ಮುಂಚೆ ಒಂದ್ಸಲ ಎಲ್ಲಾ ನೋಡು ಗಸ್ಸೀ. ಈ ಸಲ ತಾಳೆ ನೋಡೋಕೆ ನನ್ ಕೈಲಾಗ್ಲಿಲ್ಲ," ಎಂದಳು.

ನೋಡುತ್ತೇನೆ ಎಂದೆ.

ಫೆಬ್ರವರಿ 18, ಗುರುವಾರ

ಹಾಳೆಗಳ ಕಟ್ಟು ನನ್ನ ಮೂಲಪ್ರತಿಯ ಸಮೇತ ರೈಲಿಗೆ ಹೋಯಿತು. ನಾನೂರು ಪುಟವನ್ನು ಮತ್ತೆ ಸ್ವರ ಸ್ವರವಾಗಿ ನೋಡಲು ಈಗ ಎಲ್ಲಿದೆ ಸಮಯ? ಮೂವತ್ತು ವರ್ಷದಲ್ಲಿ ಅವಳ ಹಾಳೆಯಲ್ಲಿ ಒಂದು ತಪ್ಪು ಬಂದದ್ದಿಲ್ಲ.

ಆದರೆ ಕೊಳಕು ಮಾಡಿಟ್ಟಿದ್ದಳು. ಅಂಚಿನ ತುಂಬ ಪೆನ್ಸಿಲ್ ಗೀಚು. ಸಾಲನ್ನು ಅಡ್ಡಗೆರೆ ಹಾಕಿ ಭಾಗಿಸಿದ ತಾಳದ ಪಟ್ಟಿಗಳನ್ನು ಎಣಿಸುವಾಗ ಲೆಕ್ಕ ತಪ್ಪದಿರಲೆಂದು ಹಾಕಿಕೊಳ್ಳುವ ಗುರುತು ಅವು, ಸಾಮಾನ್ಯವಾಗಿ ಅವಳೇ ಅಳಿಸುತ್ತಿದ್ದಳು. ಕನ್ನಡಕ ಹಾಕಿಕೊಳ್ಳುವ ಗೋಜಿಗೂ ಹೋಗದೆ ಬೆಳಿಗ್ಗೆ ಎರಡು ಗಂಟೆ ಕೂತು ರಬ್ಬರಿನಿಂದ ಎಲ್ಲವನ್ನೂ ಉಜ್ಜಿ ತೆಗೆದೆ. ತೋಳು ಬಿದ್ದುಹೋಯಿತು. ಈಗ ಅಚ್ಚುಕಟ್ಟಾಗಿದೆ, ಯಾವ ಗಂಡಸಿನ ಕಣ್ಣಿಗೂ ಕೊಂಕು ಸಿಗದು.

ಫೆಬ್ರವರಿ 24, ಬುಧವಾರ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ನನಗೇ ಇನ್ನೊಂದು ಬಗೆಯಾಗಿ ಹೇಳಿಕೊಳ್ಳುತ್ತೇನೆ.

ಬೆಳಗಿನ ರೈಲಿಗೆ ಹೋದೆ. ಸಭಾಂಗಣದಲ್ಲಿ ಅರವತ್ತು ಜನ ಗಂಡಸರು ಕೋಟು ಬಿಚ್ಚಿ ವಾದ್ಯ ಒರೆಸುತ್ತಿದ್ದರು. ಲಿಂಡ್‌ಹೋಲ್ಟ್ ನನ್ನನ್ನು ನೋಡಿ, ಯಜಮಾನರು ಬರಲಿಲ್ಲವೇ ಎಂದರು. ನಾನೇ ಎ. ವೆದರಲ್ ಎಂದೆ. ಕುರ್ಚಿ ತರಿಸಿದರು. ಆ ಮಟ್ಟಿಗೆ ಸಭ್ಯರು.

ಮೊದಲ ಭಾಗ. ದೇವರೇ, ಅದು ಕೇಳಿಸಿತು! ತಲೆಯೊಳಗೆ ಹನ್ನೆರಡು ವರ್ಷ ಇಟ್ಟುಕೊಂಡಿದ್ದದ್ದು ಎದುರಿಗೆ ಎದ್ದು ನಿಂತಿತು. ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಎರಡನೇ ಭಾಗ ಮುಗಿದಾಗ ಪಿಟೀಲಿನವರು ಚಪ್ಪಾಳೆಯ ಬದಲು ಕಮಾನಿನಿಂದ ಸ್ಟ್ಯಾಂಡ್ ತಟ್ಟಿದರು. ಲಿಂಡ್‌ಹೋಲ್ಟ್ ನನ್ನತ್ತ ತಿರುಗಿ ತಲೆಯಾಡಿಸಿದರು. ಏಪ್ರಿಲ್ ಕಚೇರಿಗೆ ಲೊರೆನಾಳನ್ನು ಗಾಲಿಕುರ್ಚಿಯಲ್ಲಿ ಕರೆತರುವುದು ಹೇಗೆ ಎಂದು ಯೋಚಿಸುತ್ತಿದ್ದೆ.

ಮೂರನೇ ಭಾಗ. ಹಾರ್ನ್ ಎತ್ತಿಕೊಂಡವು, ಕೆಸರಿನೊಳಗಿಂದ ದನ ಕೂಗಿದ ಹಾಗೆ. ಎಲ್ಲಿಯೋ ಪಾತಾಳದಲ್ಲಿ. ದೊಡ್ಡ ಪಿಟೀಲಿನಂಥ ಸೆಲ್ಲೋಗಳು ಸೇರಿದಾಗಲಂತೂ ಒಂದಕ್ಕೊಂದು ಸಂಬಂಧವಿಲ್ಲ. ಯಾರೋ ಕಿಸಕ್ಕೆಂದರು. ನಿಲ್ಲಿಸಿ ಮತ್ತೆ ನುಡಿಸಿದರು, ಮತ್ತೆ ಅದೇ. ಈ ಸಲ ಎಲ್ಲರೂ ನಕ್ಕರು.

"ಏನಿದು ಮೇಡಮ್? ಇಳಿಸಿದವರ ತಪ್ಪಾ?" ಎಂದರು ಲಿಂಡ್‌ಹೋಲ್ಟ್.

"ಹೌದು. ನನ್ನ ಅಕ್ಕ ಇಳಿಸಿದ್ದು. ಅವಳಿಗೆ ಹುಷಾರಿಲ್ಲ, ಏನೋ ತಪ್ಪು ಮಾಡಿದಾಳೆ," ಎಂದೆ.

ಎಷ್ಟು ಬೇಗ ಹೇಳಿದೆ! ಯೋಚನೆಯೇ ಬೇಕಾಗಲಿಲ್ಲ.

ಅವರು ಮೂಲಪ್ರತಿಯ ಮೇಲೆ ಬೆರಳಿಟ್ಟರು. ಪುಟ ತಿರುವಿದರು, ಇನ್ನೊಂದು ತಿರುವಿದರು. ಆಮೇಲೆ ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದರು.

"ಇಲ್ಲೂ ಹಾಗೇ ಇದೆಯಲ್ಲ. ಹಾರ್ನ್ ಸಾಲನ್ನ ಏರಿಸಿಯೇ ಇಲ್ಲ. ಈ ಬರಹ ಯಾರದು?"

ನನ್ನದು. ಕೋಳಿ ಕೆದರಿದ ಹಾಗೆ, ನನ್ನದೇ. ಅಪ್ಪ ಸತ್ತ ವಾರ ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೇ ಗೀಚಿದ್ದು, ಇಪ್ಪತ್ತನಾಲ್ಕು ಪಟ್ಟಿ. ಆಮೇಲೆ ತಿದ್ದಿದ್ದೇನೆಂದುಕೊಂಡು ತಿದ್ದಿರಲಿಲ್ಲ.

"ನೀವು ಇದನ್ನೇ ಕಾಲೇಜಲ್ಲಿ ಪಾಠ ಮಾಡ್ತೀರಿ, ಅಲ್ವಾ?" ಎಂದರು. ಜೋರಾಗಿಯೇನೂ ಹೇಳಲಿಲ್ಲ. ಅರವತ್ತು ಜನರಿಗೂ ಕೇಳಿಸಿತು. ನಾಲ್ಕನೇ ಭಾಗ ತೆಗೆಯಲೇ ಇಲ್ಲ, ವಾದಕರಿಗೆ ಊಟದ ಬಿಡುವು ಕೊಟ್ಟರು. ನನಗೆ ಸಿಕ್ಕಿದ ಮಾತು ಇಷ್ಟು: ವಾದ್ಯಗಳ ಪರಿಚಯ ಇನ್ನಷ್ಟು ಆಗಬೇಕು, ಈ ಋತುವಿನ ಕಚೇರಿಗಳಲ್ಲಿ ಜಾಗವಿಲ್ಲ, ಮುಂದಿನದರಲ್ಲೂ ಕಷ್ಟ.

ಹೊರಡುವಾಗ ಹಾರ್ನ್ ನುಡಿಸುವ ಮುದುಕನೊಬ್ಬ ಹಾಳೆಗಳನ್ನು ತಂದು ಕೈಗಿಟ್ಟ. "ಬೇಜಾರು ಮಾಡ್ಕೋಬೇಡಿ ತಾಯಿ. ನಲವತ್ತು ವರ್ಷದಲ್ಲಿ ಇಷ್ಟು ಚೆಂದದ ಹಾಳೆ ನಾನು ನೋಡಿರ್ಲಿಲ್ಲ. ನಿಮ್ಮಕ್ಕನಿಗೆ ಹೇಳಿ."

ಮನೆ ತಲುಪುವಾಗ ಐದೂವರೆ. ಲೊರೆನಾ ಮಿಸೆಸ್ ಕವನಾಳಿಂದ ತಲೆ ಬಾಚಿಸಿಕೊಂಡು ಕಾಯುತ್ತಿದ್ದಳು. ಕುತ್ತಿಗೆಗೆ ಅಮ್ಮನ ಲೇಸು. ನಿಜ ಹೇಳಬೇಕೆಂದೇ ಮೆಟ್ಟಿಲು ಹತ್ತಿದ್ದೆ. ಆ ಲೇಸು ಕಣ್ಣಿಗೆ ಬಿತ್ತು. ಚೆನ್ನಾಗಿ ಆಯಿತು, ಏಪ್ರಿಲ್‌ನಲ್ಲಿ ನುಡಿಸುತ್ತಾರೆ ಎಂದೆ.

"ಮೂರನೇ ಭಾಗ? ಹಾರ್ನ್?"

"ತುಂಬಾ ಚೆನ್ನಾಗಿತ್ತು."

ಅವಳ ಮುಖ ಅರಳಿತು. ಉಸಿರಿಗೆ ತಡೆದು ತಡೆದು ಹೇಳಿದಳು, "ಅಬ್ಬಾ. ಹಾಗಾದ್ರೆ ನನ್ನ ಪೆನ್ಸಿಲ್ ಗುರುತು ನೋಡಿ ಸರಿ ಮಾಡಿದ್ದೀಯ. ನೀನು ನೋಡ್ತೀಯೋ ಇಲ್ವೋ ಅಂತ ಒಂದು ವಾರದಿಂದ ನಿದ್ದೆ ಇಲ್ಲ ನಂಗೆ. ಮೊದಲೆಲ್ಲ ನಾನೇ ಸುಮ್ಮನೆ ತಿದ್ದಿಬಿಡ್ತಿದ್ದೆ. ಈ ಸಲ ನೀನು ಹಾಗೇ ಇಳಿಸು ಅಂದ್ಯಲ್ಲ."

ನೋಡಿದೆ, ಎಲ್ಲ ಸರಿ ಮಾಡಿದೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ನಿದ್ದೆಹೋದಳು. ಉಗುರು ನೀಲಿಯಾಗಿದೆ. ಕೋಣೆ ಬೆಚ್ಚಗೇ ಇದೆ.

ಫೆಬ್ರವರಿ 27

ಅಕ್ಕ ಹೋದಳು. ಬೆಳಗಿನ ಒಂಬತ್ತು ಗಂಟೆ ಹತ್ತು ನಿಮಿಷ. ಏಪ್ರಿಲ್‌ಗೆ ಯಾವ ಉಡುಪು ಹಾಕಿಕೊಳ್ಳಲಿ ಎಂದು ಕೇಳಿದ್ದಳು.

ಮಾರ್ಚ್ 2

ಹಿಮಕ್ಕೆ ಮಣ್ಣು ಹೆಪ್ಪುಗಟ್ಟಿತ್ತು, ಗುದ್ದಲಿ ಹಿಡಿಯಲಿಲ್ಲ. ವಸಂತದ ತನಕ ಅಕ್ಕನನ್ನು ಸ್ಮಶಾನದ ಕಲ್ಲುಮನೆಯಲ್ಲಿ ಇಟ್ಟಿರುತ್ತಾರೆ. ಮಿಸೆಸ್ ಕವನಾ ನನ್ನೊಡನೆ ಮಾತಾಡಲಿಲ್ಲ, ಆದರೆ ಒಲೆ ಹೊತ್ತಿಸಿ ಬೇಯಿಸಿದ ಮೀನು ಇಟ್ಟುಹೋದಳು.

ಮಾರ್ಚ್ 9, ಮಂಗಳವಾರ

ಬೀರು ತೆಗೆದೆ. ಹಳೆಯ ಕಟ್ಟುಗಳನ್ನೆಲ್ಲ ನೆಲದ ಮೇಲೆ ಹರಡಿ, ನನ್ನ ಮೂಲಪ್ರತಿಗೆ ಅವಳ ಹಾಳೆಗಳನ್ನು ತಾಳೆ ಹಾಕಿದೆ. 1897ರ ಹಾಡು, ಎರಡು ತಪ್ಪು, ಎರಡನ್ನೂ ತಿದ್ದಿದ್ದಾಳೆ. 1903ರದರಲ್ಲಿ ಹಾರ್ನ್ ಏರಿಸಿಲ್ಲ. ಅವಳು ಏರಿಸಿದ್ದಾಳೆ. 1911ರದರಲ್ಲಿ ಒಂದು ಪಟ್ಟಿಯನ್ನೇ ಬಿಟ್ಟಿದ್ದೇನೆ, ಬಿಟ್ಟುಹೋದದ್ದನ್ನು ಅವಳೇ ಕಟ್ಟಿ ಸೇರಿಸಿದ್ದಾಳೆ. ಆ ಪಟ್ಟಿ ನನಗೆ ಚೆನ್ನಾಗಿ ನೆನಪಿದೆ. ಕೇಳಿದವರು ಹೊಗಳಿದ್ದರು, ನಾನು ಥ್ಯಾಂಕ್ಸ್ ಹೇಳಿದ್ದೆ.

ಐವತ್ತರ ತನಕ ಎಣಿಸಿ ಬಿಟ್ಟುಬಿಟ್ಟೆ. ಒಂದನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾನು ಬಿಡುತ್ತಿದ್ದೆನೇ?

ಮಾರ್ಚ್ 11

ಯೂನಿಸಳನ್ನು ಕರೆದು, ಅವತ್ತು ನಗಿಸಿದ್ದು ನನ್ನ ತಪ್ಪು ಎಂದೆ. ಅವಳು ಹೆದರಿಕೊಂಡು, "ಪರವಾಗಿಲ್ಲ ಮಿಸ್, ನಿಮ್ಮ ಅಕ್ಕ ಹೋದ ದುಃಖ," ಎಂದು ನನಗೇ ಸಮಾಧಾನ ಹೇಳಿ ಓಡಿದಳು.

ಮಾರ್ಚ್ 13, ಶನಿವಾರ

ಇವತ್ತು ಬಿಸಿಲು. ಹಾರ್ನ್ ಹಾಳೆಯನ್ನು ಕಿಟಕಿಗೆ ಓರೆಯಾಗಿ ಹಿಡಿದೆ. ರಬ್ಬರಿಗೆ ಸೀಸದ ಬಣ್ಣ ಹೋಗಿದೆ, ಗೀರು ಹೋಗಿಲ್ಲ. ಕೈ ನಡುಗುತ್ತಿದ್ದದ್ದರಿಂದ ಒತ್ತಿ ಬರೆದಿದ್ದಾಳೆ. ಕನ್ನಡಕ ಹಾಕಿಕೊಂಡು ಓದಿದೆ.

ಹಾರ್ನ್ ಎತ್ತಿಕೊಳ್ಳುವಲ್ಲಿ: "ಗಸ್ಸೀ, ಇಲ್ಲಿ ಏರಿಸಬೇಕಲ್ವಾ?"

ಮುಂದಿನ ಪುಟದಲ್ಲಿ: "ಇಲ್ಲೂ. ಇಪ್ಪತ್ತನಾಲ್ಕು ಪಟ್ಟಿ. ನೀನು ಹೂಂ ಅಂದ್ರೆ ಒಂದು ದಿನದಲ್ಲಿ ಬೇರೆ ಬರೆದುಕೊಡ್ತೀನಿ."

ಕೊನೆಯ ಪುಟದ ಕೆಳಗೆ, ಸಾಲು ಇಳಿಜಾರಾಗಿ: "ಇನ್ನು ನನ್ನ ಕೈಲಿ ಆಗಲ್ಲ. ಇಲ್ಲಿಂದ ಮುಂದೆ ನೀನೇ ನೋಡ್ಕೋ."

ಇದನ್ನೆಲ್ಲ ಉಜ್ಜಿದವಳು ನಾನು. ಎರಡು ಗಂಟೆ ಕೂತು, ತೋಳು ನೋಯುವಷ್ಟು.

ಮಾರ್ಚ್ 15, ಸೋಮವಾರ

ಕಾಲೇಜಿಗೆ ರಜೆ ಹಾಕಿದೆ. ಲಿಂಡ್‌ಹೋಲ್ಟ್ ಇನ್ನು ತೆಗೆದು ನೋಡುವುದಿಲ್ಲ, ಬೇರೆ ಯಾರೂ ನೋಡುವುದಿಲ್ಲ. ಆದರೂ ಅಕ್ಕನ ಹಾಸಿಗೆಯಲ್ಲಿ ಮೂರು ದಿಂಬು ಇಟ್ಟುಕೊಂಡು, ರೊಟ್ಟಿ ಹಲಗೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಮೂರನೇ ಭಾಗದ ಹಾರ್ನ್ ಸಾಲನ್ನು ಏರಿಸಿ ಬರೆಯಲು ಕೂತೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಬೆನ್ನು ಸೆಟೆದುಕೊಂಡಿತು, ಹಲಗೆಯ ಅಂಚು ತೊಡೆಗೆ ಕಚ್ಚಿ ಗೆರೆ ಬಿದ್ದಿದೆ, ಬೆರಳು ಮಡಚಲು ಬರುತ್ತಿಲ್ಲ. ನನ್ನ ಹೃದಯದಲ್ಲಿ ಯಾವ ದೋಷವೂ ಇಲ್ಲ.

ಎರಡು ಪುಟ ಆಯಿತು.